ಎದೆಗೊಂದು ಚಿನ್ನದ ರೇಕು

ನಾದಿನಿಗೆ ಮಂಡಾಲೆಯ ಅರಮನೆ ಹಿಡಿಸಲಿಲ್ಲ. ಪೂರ್ವದ ಬಾಗಿಲಿನಿಂದ ಒಳಗೆ ಬಂದು, ಮರಗಳ ನಡುವಿನ ಉದ್ದನೆಯ ದಾರಿಯನ್ನು ಬಿಸಿಲಲ್ಲಿ ನಡೆದು, ಸಿಂಹಾಸನದ ಮಂಟಪದ ಎದುರು ನಿಂತು ಕುತ್ತಿಗೆಯ ಬೆವರು ಒರೆಸಿಕೊಂಡು, "ಇದೇನಣ್ಣ, ನಾಟಕದ ಕಂಪನಿಯೋರು ಡೇರೆ ಹಾಕಿದ ಹಾಗಿದೆ! ಇದಕ್ಕಾ ನಾನು ಮೌಲ್ಮೇನಿನಿಂದ ರೈಲು ಬದಲಾಯಿಸಿ ಬದಲಾಯಿಸಿ ಬಂದಿದ್ದು?" ಎಂದಳು. ಬಾ ಸೇನ್ ಹುಳ್ಳಗೆ ನಕ್ಕ. ಅರಮನೆ ತಾನೇ ಕಟ್ಟಿಸಿದ್ದು, ತಗಡಿನ ಮಾಡು ತಾನೇ ಹೊದಿಸಿದ್ದು ಎಂಬಂತೆ ಅವನಿಗೆ ಸಂಕೋಚವಾಯಿತು. "ಹಳೇದು ಯುದ್ಧದಲ್ಲಿ ಸುಟ್ಟುಹೋಯ್ತು ಕಣೇ. ಮೇಲಿಂದ ಬಾಂಬು ಹಾಕಿದ್ರು. ಇದು ಆಮೇಲೆ ಕಟ್ಟಿದ್ದು" ಎಂದ. "ಸುಟ್ಟಿದ್ದು ಸುಟ್ಟ ಹಾಗೇ ಬಿಟ್ಟಿದ್ರೆ ಅಳೋಕಾದ್ರೂ ಆಗ್ತಿತ್ತು" ಎಂದು ಒನ್ ಟಿನ್ ಮುಂದೆ ನಡೆದಳು. ಇಬ್ಬರಿಗಿಂತ ಹಿಂದೆ, ಬಟ್ಟೆಯ ಚೀಲವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಾಯಿಸುತ್ತ ಅವನ ಹೆಂಡತಿ ನ್ವೇ ಯಿನ್ ಬರುತ್ತಿದ್ದಳು. ಚೀಲ ಎಡಕ್ಕೆ ಹಾಕುವುದು ಹುಡುಗಿಯಾಗಿದ್ದಾಗಿನ ಅಭ್ಯಾಸ. ಈಚೆಗೆ ಹಾಕಿದ ಮೇಲೆ ನೆನಪಾಗುತ್ತದೆ. ನೆನಪಾದ ಕೂಡಲೇ ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡುತ್ತಾಳೆ. ಯಾರೂ ನೋಡಿರುವುದಿಲ್ಲ.

ಎಡ ಮೊಲೆಯಲ್ಲಿ ಗಂಟಿತ್ತು. ಮೊದಲು ಕಡಲೆಕಾಳಿನಷ್ಟು ಇದ್ದಾಗ ಮಗ್ಗದ ಮರ ಒತ್ತಿ ಒತ್ತಿ ಹಾಗಾಗಿದೆ ಅಂದುಕೊಂಡಿದ್ದಳು. ತಮ್ಮೂರು ಅಮರಪುರದಲ್ಲಿ ಮಗ್ಗಕ್ಕೆ ಕೂತ ಯಾವ ಹೆಂಗಸಿಗೆ ಎದೆನೋವಿಲ್ಲ, ಬೆನ್ನುನೋವಿಲ್ಲ? ರೇಷ್ಮೆಯ ಅಲೆಯಲೆ ನೇಯ್ಗೆಗೆ ಕಣ್ಣೂ ಹೋಗುತ್ತದೆ, ಮೈಯೂ ಹೋಗುತ್ತದೆ, ಉಡುವವರು ಬೇರೆ ಯಾರೋ. ಹೀಗೆ ಅಂದುಕೊಳ್ಳುತ್ತಲೇ ಒಂದು ಮಳೆಗಾಲ ಕಳೆದಿತ್ತು. ಆಮೇಲೆ ನೂಲು ತರುತ್ತೇನೆಂದು ಗಂಡನಿಗೆ ಹೇಳಿ ಒಬ್ಬಳೇ ಪಿಕಪ್ ಹತ್ತಿ ಮಂಡಾಲೆಯ ಆಸ್ಪತ್ರೆಗೆ ಬಂದಿದ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಕೆನ್ನೆಗೆ ತನಾಖಾ ಮರದ ಗಂಧ ಹಚ್ಚಿದ್ದು ಅಳಿಸಿಹೋಗಿ ಒಂದು ಕಡೆ ಮಾತ್ರ ಉಳಿದಿತ್ತು. ನ್ವೇ ಯಿನ್ ಅವಳ ಮಾತಿಗಿಂತ ಆ ಕೆನ್ನೆಯನ್ನೇ ನೋಡುತ್ತಿದ್ದಳು. "ಕತ್ತರಿಸಬೇಕಾಗ್ತದೆ ಆಂಟಿ. ತಡ ಮಾಡೋ ಹಾಗಿಲ್ಲ. ಮುಂದಿನ ಸಲ ಯಜಮಾನ್ರನ್ನ ಕರಕೊಂಡು ಬನ್ನಿ, ಅವರ ಹತ್ರ ಮಾತಾಡಬೇಕು." ಸರಿ ಎಂದು ಬಂದವಳು ಮರಳಿ ಹೋಗಲಿಲ್ಲ. ಗಂಡನಿಗೆ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವನು ಹಲ್ಲಿಗೆ ಕಡ್ಡಿ ಹಾಕುತ್ತಲೋ, ರೇಡಿಯೊದ ಕಿವಿ ಹಿಂಡುತ್ತಲೋ ಇರುತ್ತಿದ್ದ. ಅಷ್ಟರಲ್ಲಿ ನಾದಿನಿ ಬಂದಳು, ಇಲ್ಲೇ ಬೆಳೆದರೂ ಏನೂ ನೋಡಿಲ್ಲ, ಮಂಡಾಲೆಯನ್ನೆಲ್ಲ ತೋರಿಸಬೇಕು ಎಂದಳು. ಅತಿಥಿ ಮನೆಯಲ್ಲಿರುವಾಗ ಇಂಥದನ್ನು ಹೇಳುವುದು ಹೇಗೆ ಎಂಬ ನೆವವೂ ಸಿಕ್ಕಿತು.

ಆದರೆ ಇವತ್ತು ಬೆಳಿಗ್ಗೆ ಅನ್ನಕ್ಕೆ ನೀರಿಡುವಾಗ ಅವಳು ಒಂದು ನಿರ್ಧಾರಕ್ಕೆ ಬಂದಿದ್ದಳು. ಅರಮನೆ ನೋಡಿ, ಆಮೇಲೆ ಭಿಕ್ಷುಗಳ ಮರದ ವಿಹಾರ, ಆಮೇಲೆ ಊಟ, ಸಂಜೆಗೆ ಮಹಾಮುನಿ ಬುದ್ಧನ ಗುಡಿ. ಅಲ್ಲಿ ಚಿನ್ನದ ರೇಕು ಕೊಂಡು ಅವನ ಕೈಗೆ ಕೊಡುತ್ತೇನೆ. ಹೆಂಗಸು ಕಟಕಟೆ ದಾಟಿ ಬುದ್ಧನನ್ನು ಮುಟ್ಟುವ ಹಾಗಿಲ್ಲ, ಗಂಡಸಿನ ಕೈಯಲ್ಲೇ ಹಚ್ಚಿಸಬೇಕು. ತಮಗೆ ಎಲ್ಲಿ ನೋವಿದೆಯೋ ಬುದ್ಧನ ಮೈಯಲ್ಲಿ ಅಲ್ಲಿಗೆ ಹಚ್ಚುತ್ತಾರೆ ಎಂಬುದು ಊರಿಗೆಲ್ಲ ಗೊತ್ತು. ಎದೆಗೆ ಹಚ್ಚಿ ಎಂದು ಹೇಳುತ್ತೇನೆ. ಯಾಕೆ ಎಂದು ಅವನು ಕೇಳುತ್ತಾನೆ. ಆಗ ಹೇಳಿಬಿಡುತ್ತೇನೆ. ಎಲ್ಲವೂ ಇಷ್ಟು ಸುಲಭವಾಗಿ ಕಂಡದ್ದರಿಂದ ಒಲೆಯ ಮುಂದೆ ಅವಳಿಗೆ ಸಣ್ಣಗೆ ಹಸಿವೂ ಆಗಿತ್ತು. ಕೇಳದೇ ಇದ್ದರೆ ಏನು ಎಂಬುದು ಆಗ ಹೊಳೆದಿರಲಿಲ್ಲ. ಈಗ, ರಾಣಿಯರ ಕೋಣೆಗಳೆಂದು ಹಲಗೆ ಹಾಕಿದ ಖಾಲಿ ಕೋಣೆಗಳ ಮುಂದೆ, ಬಾವಲಿಯ ವಾಸನೆಯ ನಡುವೆ ಹೊಳೆಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಏನನ್ನು ಕೇಳಿದ್ದಾನೆ? ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಕೂತಿದ್ದವನು. ಮೂಟೆಯ ತೂಕ ನೋಡಿ ಚೀಟಿ ಅಂಟಿಸುತ್ತಿದ್ದನೇ ಹೊರತು ಒಳಗೇನಿದೆ ಎಂದು ಯಾರನ್ನೂ ಕೇಳಿದವನಲ್ಲ. ಮನೆಯಲ್ಲೂ ಹಾಗೇ. ಇದನ್ನೇ ಅವಳು ಮದುವೆಯಾದ ಹೊಸತರಲ್ಲಿ ಒಳ್ಳೆಯತನ ಎಂದು ತಿಳಿದಿದ್ದಳು. ಅಕ್ಕಪಕ್ಕದ ಮನೆಗಳಲ್ಲಿ ಗಂಡಂದಿರು ಉಪ್ಪು ಯಾಕೆ ಕಡಿಮೆ, ಎಲ್ಲಿಗೆ ಹೋಗಿದ್ದೆ ಎಂದು ಕೂಗಾಡುವಾಗ ತನ್ನ ಪುಣ್ಯ ಎಂದುಕೊಂಡಿದ್ದಳು.

ಮರದ ವಿಹಾರ ನಾದಿನಿಗೆ ಹಿಡಿಸಿತು. ಬಾಗಿಲ ಮೇಲಿನ ಕೆತ್ತನೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಹೊರಗೋಡೆಯ ಚಿನ್ನವೆಲ್ಲ ಮಳೆ ಬಿಸಿಲಿಗೆ ಹೋಗಿ ತೇಗ ಕಪ್ಪಾಗಿತ್ತು, ಒಳಗೆ ಕಂಬಗಳಲ್ಲಿ ಮಾತ್ರ ಮಂಕಾಗಿ ಉಳಿದಿತ್ತು. ಬಾ ಸೇನ್ ಧ್ವನಿ ತಗ್ಗಿಸಿ ಹೇಳಿದ, "ಇದು ಮೊದಲು ಅರಮನೆ ಒಳಗೇ ಇತ್ತು. ಇದರಲ್ಲೇ ದೊಡ್ಡ ರಾಜರು ತೀರಿಕೊಂಡಿದ್ದು. ಅಪ್ಪ ಸತ್ತ ಕೋಣೆ ಕಣ್ಣೆದುರಿಗೆ ಬೇಡ ಅಂತ ಮಗ ಇದನ್ನ ಬಿಚ್ಚಿಸಿ, ಕೋಟೆ ಹೊರಗೆ ತಂದು, ಭಿಕ್ಷುಗಳಿಗೆ ದಾನ ಮಾಡಿದ. ಒಳಗಿದ್ದಿದ್ದೆಲ್ಲ ಸುಟ್ಟುಹೋಯ್ತು. ಹೊರಗೆ ಹಾಕಿದ್ದು ಇದೊಂದು ಉಳೀತು." ಒನ್ ಟಿನ್ ಕಂಬಕ್ಕೆ ಒರಗಿ ನಿಂತು, "ರಾಜನ ಮಗ, ಬಿಚ್ಚಿಸಿದ. ನಮ್ಮಂಥೋರು ಏನು ಮಾಡೋದು? ಅಮ್ಮ ಹೋದ ಕೋಣೇಲೇ ಅಲ್ವಾ ನಿನ್ನೆ ರಾತ್ರಿ ನನಗೆ ಚಾಪೆ ಹಾಸಿದ್ದು" ಎಂದಳು. ಕುಹಕವಿರಲಿಲ್ಲ, ಸುಮ್ಮನೆ ಅಂದಳು. ಅಣ್ಣ ಚಾವಣಿ ನೋಡಿದ. ನ್ವೇ ಯಿನ್ ನೆಲ ನೋಡಿದಳು. ನೆಲದ ಹಲಗೆಗಳು ಜನರ ಪಾದ ತಾಗಿ ತಾಗಿ ಎಣ್ಣೆ ಹಚ್ಚಿದಷ್ಟು ನುಣುಪಾಗಿದ್ದವು.

ಅತ್ತೆಯದೂ ಇದೇ ಕಾಯಿಲೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಬಾವಿಕಟ್ಟೆಯಲ್ಲಿ ಅತ್ತೆ ಲುಂಗಿಯನ್ನು ಎದೆಯ ಮೇಲಕ್ಕೆ ಕಟ್ಟಿಕೊಂಡು ಸ್ನಾನ ಮಾಡುವಾಗ ಬೆನ್ನಿಗೆ ನೀರು ಹಾಕುತ್ತಿದ್ದವಳು ಸೊಸೆಯೇ. ಒಂದು ದಿನ ನೀರಿನ ಜೊತೆ ಬೇರೆ ಏನೋ ವಾಸನೆ ಬಂತು. ಅತ್ತೆ ತಿರುಗಿ ನೋಡಿ, "ಮೂಗು ಮುಚ್ಚಿಕೋಬೇಡ" ಎಂದರು. ಇವಳು ಮುಚ್ಚಿಕೊಂಡಿರಲಿಲ್ಲ, ಮುಚ್ಚಿಕೊಳ್ಳಬೇಕು ಅನ್ನಿಸಿದ್ದು ಮುಖದಲ್ಲಿ ಕಂಡಿರಬೇಕು. ಆಮೇಲಿಂದ ಹಳೆಯ ಲುಂಗಿಗಳನ್ನು ಹರಿದು ಕುದಿಸಿ ಒಣಗಿಸಿ ಕೊಡುವುದು, ಕೊಳಕಾದದ್ದನ್ನು ಮಗ್ಗದ ಹಿಂದೆ ಹೂಳುವುದು. "ಅವನಿಗೆ ಹೇಳಬೇಡ. ಮೊಲೆ ಕುಡಿಸಿದ ಮಗನಿಗೆ ಇದನ್ನ ಹೇಗೆ ಹೇಳೋದು" ಎಂದಿದ್ದರು ಅತ್ತೆ. ಇವಳು ಹೇಳಲಿಲ್ಲ. ಹೊಟ್ಟೆಯ ಕಾಯಿಲೆ ಎಂದೇ ಮಗ ಕೊನೆಯತನಕ ತಿಳಿದಿದ್ದ, ಗಂಜಿಗೆ ಬಾಳೆದಿಂಡು ಹಾಕು ಎನ್ನುತ್ತಿದ್ದ. ಎಲ್ಲ ಮುಗಿದು ಏಳನೆಯ ದಿನ ಭಿಕ್ಷುಗಳು ಊಟ ಮಾಡಿ ಹೋದ ಮೇಲೆ, ತಟ್ಟೆ ಒರೆಸುತ್ತಿದ್ದವಳ ಬಳಿ ಬಂದು, "ಅಮ್ಮನಿಗೆ ಏನಾಗಿತ್ತು ಅಂತ ನಿನಗೆ ಗೊತ್ತಿತ್ತಾ?" ಎಂದು ಕೇಳಿದ್ದ. ಅವನು ಕೇಳಿದ್ದು ಅದೊಂದು ಸಲ. ಇವಳು "ಇಲ್ಲ" ಎಂದಿದ್ದಳು. ಅವನು ತಲೆಯಾಡಿಸಿ ಹೋಗಿದ್ದ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. ಅಲ್ಲಿಂದ ಮುಂದೆ ಬಾವಿಕಟ್ಟೆಯ ಕಡೆ ಹೆಂಗಸರಿದ್ದರೆ ಅವನು ದೂರದಿಂದಲೇ ಕೆಮ್ಮಿ ವಾಪಸು ಹೋಗುತ್ತಿದ್ದ.

ಊಟಕ್ಕೆ ಕೂತಾಗ ಒನ್ ಟಿನ್ ಶಾವಿಗೆಯ ಬಟ್ಟಲನ್ನು ಮೂಸಿ ನೋಡಿದಳು. "ಮಂಡಾಲೆಯೋರು ಮಾತಲ್ಲಿ, ರಂಗೂನಿನೋರು ಜಂಬದಲ್ಲಿ, ಮೌಲ್ಮೇನಿನೋರು ಊಟದಲ್ಲಿ. ಹಿರಿಯರು ಸುಮ್ಮನೆ ಹೇಳಿಲ್ಲ ಅತ್ತಿಗೆ. ಇದರಲ್ಲಿ ಮೀನು ಎಲ್ಲಿದೆ? ಸ್ನಾನ ಮಾಡಿ ಎದ್ದುಹೋಗಿದೆ."

"ಮಂಡಾಲೆಯೋರು ಮಾತಲ್ಲಿ ಅಂತೀಯ, ನಿಮ್ಮಣ್ಣನ ನೋಡು" ಎಂದಳು ನ್ವೇ ಯಿನ್.

"ಅವನು ಮಂಡಾಲೆಯೋನೇ ಅಲ್ಲ ಬಿಡಿ. ಅವನ ಪಾಲಿನ ಮಾತೆಲ್ಲ ನಾನೇ ಕದ್ದುಕೊಂಡು ಮೌಲ್ಮೇನಿಗೆ ಗಂಡನ ಮನೆಗೆ ಹೋದೆ."

ಬಾ ಸೇನ್ ತಲೆ ಬಗ್ಗಿಸಿ ಶಾವಿಗೆ ಹೀರುತ್ತಿದ್ದ. ಹೀರುತ್ತಲೇ, "ನ್ವೇ, ನೀನು ತಿಂತಾ ಇಲ್ಲ" ಎಂದ. ಅವಳು ಬೆಚ್ಚಿದಳು. ಇದು ಪ್ರಶ್ನೆಯೇ? ಪ್ರಶ್ನೆಯಾಗಿದ್ದರೆ ಈಗಲೇ, ಈ ಶಾವಿಗೆ ಅಂಗಡಿಯಲ್ಲೇ ಹೇಳಬಹುದು. ಪ್ರಶ್ನೆಯಲ್ಲ, ಅವನು ಕಂಡದ್ದನ್ನು ಅಂದಿದ್ದ, ಅಷ್ಟೆ. ಅವಳು ತಿಂದಳು. ಗಂಟಲಿಗೆ ಇಳಿಯದ್ದನ್ನು ಸಾರು ಕುಡಿದು ಇಳಿಸಿದಳು.

ಮಹಾಮುನಿಯಲ್ಲಿ ಜನವೋ ಜನ. ಕಾರಿಡಾರಿನ ಎರಡೂ ಕಡೆ ಅಂಗಡಿಗಳು, ಹೂವು, ಜಪಮಾಲೆ, ಕಲ್ಲಿನ ಬುದ್ಧ, ಬಿದ್ದರೂ ಎದ್ದು ಕೂರುವ ಬೊಂಬೆ. ಒನ್ ಟಿನ್ ಪ್ರತಿಯೊಂದಕ್ಕೂ ನಿಂತು ಚೌಕಾಸಿ ಮಾಡಿ ಏನನ್ನೂ ಕೊಳ್ಳದೆ ಮುಂದೆ ಬರುತ್ತಿದ್ದಳು. ಗುಡಿಯೊಳಗೆ ಹೋಗುವ ಮುಂಚೆ ಕಂಚಿನ ಮೂರ್ತಿಗಳನ್ನು ನೋಡಲೇಬೇಕೆಂದು ಹಟ ಹಿಡಿದಳು. ಹಿಂದೆ ಯಾವ್ಯಾವುದೋ ಯುದ್ಧದಲ್ಲಿ ಗೆದ್ದವರು ಸೋತವರಿಂದ, ಮತ್ತೆ ಅವರನ್ನು ಗೆದ್ದವರು ಅವರಿಂದ ಕಿತ್ತುಕೊಂಡು ತಂದ ಮೂರ್ತಿಗಳು. ಮೂರು ತಲೆಯ ಆನೆ, ಮುಖ ಹೋದ ಸಿಂಹ, ತೋಳು ಹೋದ ಶಿವ. ಜನ ತಮ್ಮ ಮೈಯಲ್ಲಿ ಎಲ್ಲಿ ನೋವೋ ಮೂರ್ತಿಯ ಅದೇ ಜಾಗವನ್ನು ಉಜ್ಜುತ್ತಾರೆ. ಹೊಟ್ಟೆ ಹೊಳೆಯುತ್ತಿತ್ತು, ಮಂಡಿ ಹೊಳೆಯುತ್ತಿತ್ತು, ಎದೆ ಅಷ್ಟಾಗಿ ಹೊಳೆಯುತ್ತಿರಲಿಲ್ಲ. ಇದನ್ನು ಮುಟ್ಟಲು ಹೆಂಗಸರಿಗೆ ಅಡ್ಡಿಯಿಲ್ಲ. ಒನ್ ಟಿನ್ ಶಿವನ ಸೊಂಟವನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ, ಅದೇ ಕೈಯಿಂದ ತನ್ನ ಸೊಂಟ ಒತ್ತಿಕೊಂಡು, "ಅತ್ತಿಗೆ, ನಿಮಗೆಲ್ಲಿ ನೋವು? ಬನ್ನಿ ಬನ್ನಿ, ಜನ ಕಡಿಮೆ ಇದಾರೆ" ಎಂದು ಕೂಗಿದಳು. ಸುತ್ತ ನಿಂತವರು ತಿರುಗಿ ನೋಡಿದರು. ನ್ವೇ ಯಿನ್ ಕಂಚಿನ ಎದೆಯ ಮುಂದೆ ನಿಂತಳು. ಅಂಗೈ ಎತ್ತಿದರೆ ಸಾಕು. ಎತ್ತಿದರೆ ನಾದಿನಿ ಕೇಳುತ್ತಾಳೆ, ಅವಳು ಕೇಳದೆ ಬಿಡುವವಳಲ್ಲ, ಇಷ್ಟು ಜನರ ಮುಂದೆ ಅದೇ ಗಂಟಲಲ್ಲಿ ಕೇಳುತ್ತಾಳೆ. ಚೀಲ ಹಿಡಿದುಕೊಂಡು ಬಾ ಸೇನ್ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. ನ್ವೇ ಯಿನ್ ಬಗ್ಗಿ ಮಂಡಿ ಉಜ್ಜಿದಳು. "ಮಂಡಿನಾ? ಮಗ್ಗ ತುಳಿದೂ ತುಳಿದೂ ಆಗಿರ್ತದೆ. ಚೆನ್ನಾಗಿ ಉಜ್ಜಿ, ಸಂಕೋಚ ಯಾಕೆ, ಅವನೇನು ನಿಮ್ಮ ಮಾವನಾ?" ಎಂದಳು ಒನ್ ಟಿನ್. ಎಲ್ಲರೂ ನಕ್ಕರು. ಅವಳೂ ನಕ್ಕಳು. ಕಂಚು ತಣ್ಣಗಿತ್ತು. ತನ್ನ ಕಾಯಿಲೆಗೆ ಸುಳ್ಳು ಜಾಗ ತೋರಿಸಿದ್ದು ಸರಿಯಲ್ಲ ಅನ್ನಿಸಿ, ದೇವರಲ್ಲದಿದ್ದರೂ ಅದಕ್ಕೆ ಮನಸ್ಸಿನಲ್ಲೇ ಕೈಮುಗಿದಳು.

ರೇಕಿನ ಪೊಟ್ಟಣ ಕೊಂಡು, ಕಟಕಟೆಯ ಹತ್ತಿರ ಬಂದು, ಅವನ ಕೈಗೆ ಕೊಟ್ಟಳು. ಒನ್ ಟಿನ್ ಆಗಲೇ ಹೆಂಗಸರ ನಡುವೆ ಜಾಗ ಮಾಡಿಕೊಂಡು ಮಂಡಿಯೂರಿ ಕಣ್ಣು ಮುಚ್ಚಿ ಜಪಮಣಿ ಎಣಿಸಲು ತೊಡಗಿದ್ದಳು. ಇದಕ್ಕಿಂತ ಒಳ್ಳೆಯ ಹೊತ್ತು ಸಿಕ್ಕದು. "ಎದೆಗೆ ಹಚ್ಚಿ" ಎಂದಳು. ಧ್ವನಿ ಗಟ್ಟಿಯಾಗಿ ಬಂತು, ತನಗೇ ಆಶ್ಚರ್ಯವಾಯಿತು. ಅವನು ಪೊಟ್ಟಣ ನೋಡಿದ. ಅವಳನ್ನು ನೋಡಿದ. ಅವನ ಕೆಳದುಟಿ ಸ್ವಲ್ಪ ಜೋತುಬಿತ್ತು, ಏನೋ ಕೇಳುವವನಂತೆ. ಅವಳು ಕಾದಳು. ಕೇಳು, ಕೇಳು, ಕೇಳಿಬಿಡು. ಹಿಂದಿನಿಂದ ಬಂದ ಗಂಡಸೊಬ್ಬ "ಹೋಗೋದಾದ್ರೆ ಹೋಗಿ ದೊಡ್ಡಪ್ಪ" ಎಂದ. ಬಾ ಸೇನ್ "ಸರಿ" ಎಂದ. ಅದು ಆ ಗಂಡಸಿಗೆ ಹೇಳಿದ್ದೋ ಇವಳಿಗೋ ತಿಳಿಯಲಿಲ್ಲ. ಲುಂಗಿ ಸರಿಮಾಡಿಕೊಂಡು ಗಂಡಸರ ಸಾಲಿಗೆ ಸೇರಿ ಒಳಗೆ ಹೋದ.

ಅವಳು ಕೂತಳು. ಎದುರಿಗೆ ಬುದ್ಧ ಕಾಣುತ್ತಿದ್ದ, ಆದರೆ ದೂರ. ಹೆಂಗಸರಿಗಾಗಿ ಟೀವಿ ಹಾಕಿದ್ದರು. ಅದರಲ್ಲಿ ಗಂಡಸರು ರೇಕು ಹಚ್ಚುವುದು ಹತ್ತಿರದಿಂದ ಕಾಣುತ್ತಿತ್ತು. ಮುಖವೊಂದನ್ನು ಬಿಟ್ಟು ಉಳಿದ ಮೈಯೆಲ್ಲ ಚಿನ್ನದ ಮೇಲೆ ಚಿನ್ನ ಕೂತು ಉಬ್ಬಿ, ಗಂಟುಗಂಟಾಗಿ, ಯಾವುದು ಭುಜ ಯಾವುದು ಬೆರಳು ಎಂದು ತಿಳಿಯದಷ್ಟು ದಪ್ಪವಾಗಿತ್ತು. ಎಷ್ಟು ಮನೆಗಳ ನೋವು ಅಲ್ಲಿ ಗಂಟುಕಟ್ಟಿದೆಯೋ. ಹಾಗೆ ನೋಡಬಾರದು ಎಂದು ಅವಳು ತಲೆ ಕೊಡವಿದಳು. ಟೀವಿಯಲ್ಲಿ ಬಾ ಸೇನ್ ಬಂದ. ಮೇಲಿನಿಂದ ತೆಗೆದ ಚಿತ್ರ. ಅವನ ನೆತ್ತಿ ಬೋಳಾಗಿದ್ದು ಕಂಡಿತು. ಒಂದೇ ಚಾಪೆಯಲ್ಲಿ ಮಲಗಿ ಎದ್ದವಳು ಅವನ ನೆತ್ತಿಯನ್ನೇ ನೋಡಿರಲಿಲ್ಲ. ಅಷ್ಟು ದೊಡ್ಡ ಮೂರ್ತಿಯ ಮುಂದೆ ಮುದುಕ, ಪುಟ್ಟವ, ಪೊಟ್ಟಣ ಬಿಚ್ಚಲು ಬಾರದೆ ಹಲ್ಲಿನಿಂದ ಬಿಚ್ಚಿದ. ಅಯ್ಯೋ ಅನ್ನಿಸಿತು. ಅವನು ಕೈ ಎತ್ತಿದ. ಎದೆ ಎತ್ತರದಲ್ಲಿತ್ತು, ಪಕ್ಕದವನು ಹತ್ತಿ ಹಚ್ಚುತ್ತಿದ್ದ, ಇವನೂ ಹತ್ತಬಹುದಿತ್ತು. ಕೈ ಎತ್ತಿದ್ದು ಅಲ್ಲೇ ನಿಂತಿತು. ನಿಂತೇ ಇತ್ತು. ಆಮೇಲೆ ಇಳಿಯಿತು. ಅವನು ಕುಕ್ಕುರುಗಾಲಲ್ಲಿ ಕೂತು, ಬುದ್ಧನ ಮಂಡಿಗೆ ರೇಕು ಅಂಟಿಸಿ, ಹೆಬ್ಬೆರಳಿನಿಂದ ಒತ್ತತೊಡಗಿದ. ಒತ್ತಿದ, ಒತ್ತಿದ, ಏಳಲೇ ಇಲ್ಲ. ಹಿಂದೆ ಸಾಲು ನಿಂತುಹೋಯಿತು.

"ಯಾರ ಮನೆ ಮುದುಕನೋ" ಎಂದಳು ಪಕ್ಕದ ಹೆಂಗಸು, "ಮಂಡಿ ಹಿಡಕೊಂಡು ಅಲ್ಲೇ ಸಂಸಾರ ಹೂಡಿಬಿಟ್ಟ. ಎದ್ದು ದಾರಿ ಬಿಡಬಾರದಾ?"

"ಯಾರೋ ಏನೋ" ಎಂದಳು ನ್ವೇ ಯಿನ್.

ಅಂದ ಮೇಲೆ ಮುಖ ಬಿಸಿಯಾಯಿತು. ಆದರೆ ಅದಕ್ಕಿಂತ ಹೆಚ್ಚಾಗಿ ಕೋಪ ಬಂದಿತ್ತು. ಎದೆಗೆ ಎಂದು ಬಾಯಿಬಿಟ್ಟು ಹೇಳಿದ್ದೆನಲ್ಲ. ಒಂದು ಮೆಟ್ಟಿಲು ಹತ್ತುವ ಸೋಮಾರಿತನ. ಇಲ್ಲವೇ ಅವನ ಮಂಡಿಯೇ ನೋಯುತ್ತಿರಬೇಕು, ಹೆಂಡತಿಯ ಚಿನ್ನವನ್ನು ತನ್ನ ಮಂಡಿಗೆ ಹಚ್ಚಿಕೊಂಡ. ಬುದ್ಧನ ಸನ್ನಿಧಿಯಲ್ಲಿ ಇಂಥ ಯೋಚನೆ ಪಾಪವೆಂದು ಗೊತ್ತಿದ್ದೂ ಯೋಚಿಸಿದಳು. ನನಗೆ ಕೈಯಿತ್ತು, ಕಾಲಿತ್ತು, ಏಣಿ ಹಾಕಿಯಾದರೂ ಹತ್ತಿ ಹಚ್ಚುತ್ತಿದ್ದೆ. ಈ ಕಟಕಟೆಯ ಈಚೆ ಕೂತು, ತೂಕಡಿಸುವ ಮುದುಕನೊಬ್ಬನ ಕೈಗೆ ನನ್ನ ಜೀವವನ್ನು ಕೊಟ್ಟು, ಟೀವಿಯಲ್ಲಿ ನೋಡಬೇಕಾಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅತ್ತೆಯ ನೆನಪಾಯಿತು. ಅತ್ತೆ ಅವನಿಗೆ ಹೇಳದೇ ಹೋದದ್ದೇ ಸರಿ. ಹೇಳಿದ್ದರೆ ಏನು ಮಾಡುತ್ತಿದ್ದ, ತಲೆಯಾಡಿಸುತ್ತಿದ್ದ. ನಾನೂ ಹೇಳುವುದಿಲ್ಲ. ಬಟ್ಟೆ ಕುದಿಸಿಕೊಳ್ಳುತ್ತೇನೆ, ಮಗ್ಗದ ಹಿಂದೆ ಹೂಳುತ್ತೇನೆ. ನನ್ನ ಬೆನ್ನಿಗೆ ನೀರು ಹಾಕಲು ಸೊಸೆಯಿಲ್ಲ, ಅಷ್ಟೆ.

ಅವನು ಹೊರಗೆ ಬಂದಾಗ ಒನ್ ಟಿನ್ ಕಣ್ಣು ತೆರೆದಿದ್ದಳು. "ಆಯ್ತಾ ಅಣ್ಣ? ಎಲ್ಲಿ ಹಚ್ಚಿದೆ?" ಎಂದು ಅವಳೇ ಕೇಳಿದಳು.

"ನಿಮ್ಮತ್ತಿಗೆ ಎಲ್ಲಿ ಹೇಳಿದ್ಲೋ ಅಲ್ಲಿ. ಎದೆಗೆ" ಎಂದ ಬಾ ಸೇನ್.

ಸುಳ್ಳನ್ನು ಅವನು ಇಷ್ಟು ಸರಾಗವಾಗಿ ಹೇಳಬಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. "ಎದೆಗೆ ಯಾಕೆ ಅತ್ತಿಗೆ? ಮಂಡಿ ಅಲ್ವಾ ನೋವು?" ಎಂದಳು ಒನ್ ಟಿನ್. ಬೆಳಗಿನಿಂದ ಕಾದ ಪ್ರಶ್ನೆ ಕೊನೆಗೂ ಬಂತು, ಬರಬಾರದ ಬಾಯಿಂದ. "ಒಳ್ಳೆ ಮನಸ್ಸು ಬರಲಿ ಅಂತ" ಎಂದಳು ನ್ವೇ ಯಿನ್. "ನಿಮಗಾ? ಅವನಿಗೆ ಹಚ್ಚಿಸಿ!" ಎಂದು ನಾದಿನಿ ನಕ್ಕು, ಕಾರಿಡಾರಿನ ಅಂಗಡಿಗಳ ಕಡೆ ತಿರುಗಿದಳು. ಬರುವಾಗ ನೋಡಿಟ್ಟ ತನಾಖಾ ತೇಯುವ ಕಲ್ಲನ್ನು ಕೊಂಡೇ ಬರುತ್ತೇನೆ, ಮೌಲ್ಮೇನಿನಲ್ಲಿ ಇಂಥ ಕಲ್ಲು ಸಿಗುವುದಿಲ್ಲ, ನೀವಿಬ್ಬರೂ ಇಲ್ಲೇ ಕೂತಿರಿ ಎಂದಳು.

ಅಂಗಳದ ಮರದ ಕೆಳಗೆ ಸಿಮೆಂಟಿನ ಬೆಂಚಿತ್ತು. ಇಬ್ಬರೂ ಕೂತರು, ನಡುವೆ ಚೀಲ. ಪಾರಿವಾಳಗಳು ಬಂದು ಕಾಲ ಹತ್ತಿರ ಏನೂ ಇಲ್ಲದ್ದನ್ನು ಹೆಕ್ಕಿದವು. ಮಾತಾಡಿದರೆ ಸುಳ್ಳು ಯಾಕೆ ಹೇಳಿದಿರಿ ಎಂದೇ ಬಾಯಿಗೆ ಬರುತ್ತದೆ, ಬಂದರೆ ಜಗಳ, ಜಗಳವಾಡಲು ಅವಳಿಗೆ ಬಲವಿರಲಿಲ್ಲ. ಅವನ ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿದ್ದವು. ಅವನು ಪಾರಿವಾಳಗಳಿಗೆ ಹೇಳುವವನಂತೆ, "ಟೀವೀಲಿ ಕಾಣ್ತಿತ್ತು ಅಲ್ವಾ ನಿಂಗೆ" ಎಂದ.

"ಕಾಣ್ತಿತ್ತು."

"ಗೊತ್ತಿತ್ತು ನಂಗೆ, ಕಾಣ್ತದೆ ಅಂತ. ಒನ್ ಟಿನ್ ಮುಂದೆ ಮತ್ತೇನು ಹೇಳಲಿ." ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಅಮ್ಮನೂ ಹೀಗೇ ಕೊಟ್ಟಿದ್ಲು."

"ಏನನ್ನ?"

"ರೇಕು. ಆ ವರ್ಷ, ಮಳೆ ಹಿಡಿಯೋ ಮುಂಚೆ. ನೀನು ಬಂದಿರಲಿಲ್ಲ, ಮಗ್ಗದಲ್ಲಿ ಯಾರದೋ ಮದುವೆ ಲುಂಗಿ ಇತ್ತು. ಅಲ್ಲೇ, ಆ ಕಂಬದ ಹತ್ರ ನಿಂತು, 'ಎದೆಗೆ ಹಚ್ಚಪ್ಪ' ಅಂದ್ಲು. ಯಾಕಮ್ಮ ಅಂತ ನಾನು ಕೇಳಲಿಲ್ಲ. ಬಾಯಿ ತುದಿಗೆ ಬಂದಿತ್ತು ನ್ವೇ. ಕೇಳಿದ್ರೆ ಹೇಳಿಬಿಡ್ತಾಳೆ ಅಂತ ಭಯ ಆಯ್ತು. ಸರಿ ಅಂದು ಹೋಗಿ ಹಚ್ಚಿದೆ. ಬಿದ್ದುಹೋಗದ ಹಾಗೆ ಒತ್ತಿ ಒತ್ತಿ ಹಚ್ಚಿದೆ."

ಹೊಟ್ಟೆಯ ಕಾಯಿಲೆ ಎಂದು ಬಾಳೆದಿಂಡು ಹುಡುಕಿಕೊಂಡು ತೋಟತೋಟ ಅಲೆಯುತ್ತಿದ್ದವನು, ಗೊತ್ತಿದ್ದೇ ಅಲೆಯುತ್ತಿದ್ದನೇ? ಏಳನೆಯ ದಿನ ತಟ್ಟೆ ಒರೆಸುತ್ತಿದ್ದಾಗ ಬಂದು ಕೇಳಿದ್ದು ತಿಳಿಯಲಿಕ್ಕಲ್ಲ. ಜೊತೆಗೆ ಒಬ್ಬರು ಬೇಕಾಗಿತ್ತು ಅವನಿಗೆ. ಇಲ್ಲ ಎಂದು ಹೇಳಿ ತಾನು ಅವನನ್ನು ಹೊರಗೆ ಕಳಿಸಿದ್ದಳು.

"ಇವತ್ತು ನೀನೂ ಅದೇ ಮಾತು ಹೇಳಿದೆ" ಎಂದ ಅವನು. "ಕೈ ಎತ್ತಿದೆ. ಎದೆಗೆ ಹೋಗಲಿಲ್ಲ ಅದು. ಒಂದು ಸಲ ಹಚ್ಚಿ ನೋಡಿಯಾಗಿದೆ ನಾನು. ಕಂಚಿನ ಬೊಂಬೆ ಹತ್ರ ನೀನು ಮಂಡಿ ಉಜ್ಜಿದ್ಯಲ್ಲ, ಅದು ನೆನಪಾಯ್ತು. ಮಂಡಿನೋವೇ ಇರಲಿ, ಮಂಡಿನೋವೇ ಇರಲಿ ಅಂತ ಕೇಳಿಕೊಂಡು ಅಲ್ಲೇ ಹಚ್ಚಿಬಿಟ್ಟೆ." ಆಗ ಮೊದಲ ಬಾರಿಗೆ ಅವಳ ಕಡೆ ತಿರುಗಿದ. "ಮಂಡಿ ತಾನೇ ನ್ವೇ?"

ಹೌದು ಎಂದರೆ ಸಾಕಿತ್ತು. ಹೌದು ಎಂದರೆ ಇವತ್ತು ರಾತ್ರಿ ಮೂವರೂ ಕೂತು ಊಟ ಮಾಡಬಹುದು, ಒನ್ ಟಿನ್ ಮೀನಿನ ಬಗ್ಗೆ ಆಡಿಕೊಳ್ಳಬಹುದು, ಅವನು ರೇಡಿಯೊದ ಕಿವಿ ಹಿಂಡಬಹುದು. ಅತ್ತೆಯಾಗಿದ್ದರೆ ಹೌದು ಅನ್ನುತ್ತಿದ್ದರು.

"ಅಲ್ಲ" ಎಂದಳು.

ಅವನು ತಲೆಯಾಡಿಸಲಿಲ್ಲ. ಅಷ್ಟರಲ್ಲಿ ಕಾಗದದಲ್ಲಿ ಸುತ್ತಿದ ಕಲ್ಲನ್ನು ಮಗುವಿನ ಹಾಗೆ ಅವುಚಿಕೊಂಡು ಒನ್ ಟಿನ್ ಬಂದಳು. "ಏನಲ್ಲ ಅತ್ತಿಗೆ? ಅಂಗಡಿಯೋನು ನನ್ನ ಮಾತಿಗೆ ಸೋತು ಕೈಮುಗಿದ ನೋಡಿ. ಇದನ್ನೊಂದು ನಿಮಿಷ ಹಿಡ್ಕೊಳ್ಳಿ, ಕೂದಲು ಕಟ್ಟಿಕೊಳ್ತೀನಿ" ಎಂದು ಕಲ್ಲನ್ನು ನ್ವೇ ಯಿನ್ನಳ ಕಡೆ ಚಾಚಿದಳು.

"ಅವಳ ಕೈಗೆ ಕೊಡಬೇಡ" ಎಂದ ಬಾ ಸೇನ್. ಅಷ್ಟು ಜೋರಾಗಿ ಅವನು ಮಾತಾಡಿದ್ದನ್ನು ಇಬ್ಬರೂ ಕೇಳಿರಲಿಲ್ಲ. ಎದ್ದು ಕಲ್ಲನ್ನು ತಾನೇ ಇಸಿದುಕೊಂಡ, ಚೀಲವನ್ನೂ ಹೆಗಲಿಗೆ ಹಾಕಿಕೊಂಡ. "ಅವಳು ಭಾರ ಎತ್ತೋ ಹಾಗಿಲ್ಲ."

"ಯಾಕೆ? ಏನಾಗಿದೆ?" ಎಂದು ಒನ್ ಟಿನ್ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ನೋಡಿದಳು. ಕೂದಲು ಕಟ್ಟಿಕೊಳ್ಳಲು ಎತ್ತಿದ ಅವಳ ಕೈ ಹಾಗೇ ಉಳಿಯಿತು.

ಡಾಕ್ಟರು ಹೇಳಿದ ದಿನದಿಂದ ನ್ವೇ ಯಿನ್ನಳಿಗೆ ದುಃಖವಾಗಿತ್ತು, ನಾಚಿಕೆಯಾಗಿತ್ತು, ಸಿಟ್ಟೂ ಬಂದಿತ್ತು. ಭಯ ಮಾತ್ರ ಆಗಿರಲಿಲ್ಲ. ಗುಟ್ಟಾಗಿರುವ ತನಕ ಕಾಯಿಲೆ ಅರ್ಧ ಸುಳ್ಳೇ ಆಗಿತ್ತು. ಈಗ ಅವನು ಅಂದುಬಿಟ್ಟಿದ್ದ, ಅವಳು ಭಾರ ಎತ್ತುವ ಹಾಗಿಲ್ಲ. ಅಷ್ಟು ಜನರ ನಡುವೆ ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಅವಳು ಅತ್ತಳು. ತಾನು ಸಾಯಬಹುದು ಎಂದು ಅವಳಿಗೆ ಆಗ ತಿಳಿಯಿತು.

ಕಲ್ಲನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಬಾ ಸೇನ್ ಅವಳ ಮುಂದೆ ಬಗ್ಗಿದ.

"ಯಾವತ್ತಿಂದ?" ಎಂದು ಕೇಳಿದ. ಅವಳು ಉತ್ತರ ಕೊಡುವ ಮುಂಚೆಯೇ, "ಡಾಕ್ಟರ ಹತ್ರ ಹೋಗಿದ್ಯಾ? ಏನಂದ್ರು? ಯಾರ ಜೊತೆ ಹೋಗಿದ್ದೆ? ಒಬ್ಬಳೇ ಹೋಗಿದ್ಯಾ ನ್ವೇ?" ಎಂದು ಕೇಳುತ್ತಲೇ ಹೋದ.